ಸೋತವರ ಹೊಣೆ

ಅಮೆರಿಕದಲ್ಲಿ ಪಕ್ಷದ ಉಮೇದುವಾರರನ್ನು ಪ್ರಾಥಮಿಕ ಚುನಾವಣೆಯಲ್ಲಿ ಮತದಾರರೇ ಆರಿಸುತ್ತಾರೆ. ಅಲ್ಲಿ ಸೋತವರು ಗೆದ್ದವರನ್ನು ಬೆಂಬಲಿಸಬೇಕೆ? ಬೆಂಬಲಿಸಬೇಕು, ಆದರೆ ಬಾಯಿ ಮುಚ್ಚಿಕೊಂಡಲ್ಲ ಎಂಬುದು ನಮ್ಮ ನಿಲುವು.

2016ರಲ್ಲಿ ಅಧ್ಯಕ್ಷ ಪದವಿಯ ಉಮೇದುವಾರಿಕೆಗಾಗಿ ಹೋರಾಡಿದ ಬರ್ನಿ ಸ್ಯಾಂಡರ್ಸ್ ಅವರು ಹಿಲರಿ ಕ್ಲಿಂಟನ್ ಎದುರು ಸೋತರು. ಜುಲೈ 12ರಂದು ಅವರಿಗೇ ಬೆಂಬಲ ಸಾರಿದರು. ಅಷ್ಟರೊಳಗೆ ಸ್ಯಾಂಡರ್ಸ್ ಕಡೆಯವರು ಹಟ ಹಿಡಿದು, ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಬೇಡಿಕೆಯನ್ನು ಡೆಮಾಕ್ರಟಿಕ್ ಪಕ್ಷದ ಪ್ರಣಾಳಿಕೆಯ ಕರಡಿಗೆ ಸೇರಿಸಿದ್ದರು. ನವೆಂಬರಿನಲ್ಲಿ ಕ್ಲಿಂಟನ್ ಸೋತರೂ ಆ ಬೇಡಿಕೆ ಸಾಯಲಿಲ್ಲ.

2025ರ ಜೂನ್‌ನಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಸ್ಥಾನಕ್ಕೆ ಅದೇ ಪಕ್ಷದ ಮತದಾರರು ಸಮಾಜವಾದಿ ಜೋಹ್ರಾನ್ ಮಮ್ದಾನಿಯವರನ್ನು ಆರಿಸಿದರು. ಸೋತ ಬ್ರ್ಯಾಡ್ ಲ್ಯಾಂಡರ್ ಗೆದ್ದವರ ಪರ ದುಡಿದರು. ಸೋತ ಇನ್ನೊಬ್ಬರು, ಮಾಜಿ ಗವರ್ನರ್ ಆಂಡ್ರ್ಯೂ ಕ್ಯುಮೊ, ಪಕ್ಷೇತರರಾಗಿ ನಿಂತು ನವೆಂಬರ್ 4ರಂದು ಮತ್ತೆ ಸೋತರು.

ತಕ್ಕಡಿಯನ್ನು ಒಪ್ಪಿದವನು ತೂಕವನ್ನೂ ಒಪ್ಪಬೇಕು. ತೂಕ ತನಗೆ ಕಡಿಮೆ ಬಂದಿತೆಂದು ಬೇರೆ ತಕ್ಕಡಿ ತರುವುದು ನ್ಯಾಯವಲ್ಲ. ಗೆದ್ದವನು ಕಾರ್ಯಕ್ರಮಕ್ಕೇ ದ್ರೋಹ ಬಗೆದರೆ ಮಾತು ಬೇರೆ. ಉಳಿದಂತೆ ಸೋತವನು ಬೆಂಬಲ ಕೊಡಲಿ, ಅದಕ್ಕೆ ಬೆಲೆಯನ್ನೂ ಕೇಳಲಿ. ಆ ಬೆಲೆ ತನಗೊಂದು ಕುರ್ಚಿಯಾಗದೆ ದುಡಿಯುವವರ ಕೂಲಿಯಾಗಿರಲಿ.