ಹೊತ್ತಿಗೆ ಮುಂಚಿನ ಮಾತು

ಪ್ರತಿಯೊಂದಕ್ಕೂ ತನ್ನದೇ ಆದ ಹೊತ್ತು ಉಂಟೆಂಬುದು ಲೋಕದ ನಂಬಿಕೆ. ಆ ಹೊತ್ತಿಗೆ ಮೊದಲೇ ಏನಾದರೂ ಸಂಭವಿಸಿದರೆ ಜನ ಬೆರಗಾಗುವರು, ಕೆಲವೊಮ್ಮೆ ಬೆದರುವರು. ಕೂಡಲೇ ಅದಕ್ಕೊಂದು ಹೆಸರನ್ನೂ ಇಡುವರು. ಈಗಿನ ಪತ್ರಿಕೆಗಳಲ್ಲಿ ಇಂಥ ಸಂಗತಿಗಳಿಗೆ ಹೆಚ್ಚಾಗಿ ಕಾಣುವುದು ಒಂದೇ ಹೆಸರು: 'ಅಕಾಲಿಕ'. ಅಕಾಲಿಕ ಮಳೆ, ಅಕಾಲಿಕ ಹೆರಿಗೆ, ಅಕಾಲಿಕ ಮರಣ. ಸಂಗತಿಗಳು ಮೂರು ಬಗೆಯವು. ಪದ ಮಾತ್ರ ಒಂದು.

'ಅಕಾಲ' ಎಂಬುದು ಸಂಸ್ಕೃತದಿಂದ ಬಂದ ಪದ. ಸಲ್ಲದ ಕಾಲ ಎಂದಷ್ಟೇ ಅದರ ಅರ್ಥ. ಬೇಗ ಬಂದಿತೋ ತಡವಾಗಿ ಬಂದಿತೋ ಎಂಬುದನ್ನು ಅದು ಹೇಳದು. ಹಿಂದಿಯಲ್ಲಿ ಇದೇ ಪದಕ್ಕೆ ಬರಗಾಲವೆಂಬ ಅರ್ಥವುಂಟು. ಸಿಖ್ಖರಿಗೋ, ಕಾಲಕ್ಕೆ ಸಿಲುಕದ ಪರಮಾತ್ಮನ ಹೆಸರು ಅದು!

ಜನರ ನಿತ್ಯದ ಪದಗಳು ಇಷ್ಟು ಮಸುಕಾಗಿಲ್ಲ. ಎಳವೆಯಲ್ಲೇ ಕೂದಲು ಬೆಳ್ಳಗಾದರೆ ಅದು 'ಬಾಲನೆರೆ'. ಬೆಳಕು ಹರಿಯುವ ಮೊದಲೇ ಕೂಗುವ ಕೋಳಿ 'ಮುಂಗೋಳಿ'. ಅದರ ಕೂಗಿಗೆ ಬೇಸಾಯದ ಮನೆಗಳು ಎಚ್ಚರಗೊಳ್ಳುತ್ತಿದ್ದವೇ ಹೊರತು ಅದನ್ನು ಅಕಾಲದ ಕೂಗೆಂದು ಯಾರೂ ಹಳಿಯುತ್ತಿರಲಿಲ್ಲ.

ಮಳೆಯ ವಿಷಯದಲ್ಲಿ ಈ ವಿವೇಚನೆ ಇನ್ನಷ್ಟು ಅಗತ್ಯ. 2025ರಲ್ಲಿ ನೈಋತ್ಯ ಮುಂಗಾರು ವಾಡಿಕೆಯ ಜೂನ್ 1ಕ್ಕೆ ಬದಲಾಗಿ ಮೇ 24ರಂದೇ ಕೇರಳವನ್ನು ಮುಟ್ಟಿತು. ಅದು ಬೇಗ ಬಂದ ಮಳೆ, ಸಲ್ಲದ ಮಳೆಯಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರು ಬೇಸಿಗೆಯ ಆರಂಭದಲ್ಲಿ ಬರುವ ಮಳೆಯನ್ನು 'ಹೂಮಳೆ' ಎಂದೇ ಕರೆದು ಕಾಯುವರು. ಅದು ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುವುದು. ಅದೇ ಮಳೆ ಜನವರಿಯಲ್ಲಿ ಸುರಿದರೆ, ಕೊಯ್ಲು ಮುಗಿಯದ ಗಿಡದಲ್ಲಿ ಹಣ್ಣಿನ ಮಗ್ಗುಲಲ್ಲೇ ಹೂ ಬಿಡುವುದು. ಹಣ್ಣು ಬಿಡಿಸುವ ಕೈ ತಾಗಿ ಹೂ ಉದುರುವುದು. ಕಣದಲ್ಲಿ ಹರಡಿದ ಫಸಲು ನೆನೆಯುವುದು. ಇದನ್ನು ಅಕಾಲಿಕವೆಂದರೆ ಒಪ್ಪಬಹುದು.

ಮಾವಿನ ತೋಟದವನ ಭಾಷೆ ಇದಕ್ಕಿಂತಲೂ ಸೂಕ್ಷ್ಮ. ಹೂ ಕಚ್ಚಿದೊಡನೆ ಹೀಚು, ಬಲಿತರೆ ಕಾಯಿ, ಹಣ್ಣಾಗುವ ಹಂತಕ್ಕೆ ಬಂದರೆ ದೋರೆಗಾಯಿ, ಕೊನೆಗೆ ಹಣ್ಣು. ಒಂದೊಂದು ಹೆಸರೂ ಇನ್ನೆಷ್ಟು ಕಾಯಬೇಕೆಂಬುದನ್ನು ತಿಳಿಸುವುದು. ಬಲಿತ ಕಾಯನ್ನು ಹುಲ್ಲಿನಲ್ಲಿ ಅಡೆ ಹಾಕಿದರೆ ಅದು ತನ್ನ ಪಾಡಿಗೆ ಮಾಗುವುದು. ಬಲಿಯದ ಕಾಯನ್ನು ಕ್ಯಾಲ್ಸಿಯಂ ಕಾರ್ಬೈಡಿನ ಅನಿಲಕ್ಕೆ ಒಡ್ಡಿದರೆ ಬಣ್ಣ ಬರುವುದು, ಸಿಹಿ ಬಾರದು. ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದ್ದರೂ ಅಂಥದನ್ನು ಹಣ್ಣೆಂದೇ ಕೂಗಿ ಮಾರುವವರುಂಟು. ಮೋಸ ಆರಂಭವಾಗುವುದು ಆ ಕೂಗಿನಲ್ಲಿ.

ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಶಿಶುವನ್ನು ವೈದ್ಯರು 'ಅವಧಿಪೂರ್ವ' ಎನ್ನುವರು. ಹಳ್ಳಿಯ ಹಿರಿಯರ ಮಾತು 'ದಿನ ತುಂಬದ ಕೂಸು' ಎಂದು. ಈ ಮಾತಿನಲ್ಲಿ ಕೂಸಿನ ಮೇಲೆ ದೂರಿಲ್ಲ. ಕಡಮೆಯಾಗಿರುವುದು ದಿನಗಳು, ಅವನ್ನು ತಾಯಿಯ ಎದೆಯ ಬಿಸುಪಿನಲ್ಲಿ ತುಂಬಿಕೊಡಬಹುದು. ಇಂದಿನ ವೈದ್ಯಶಾಸ್ತ್ರವೂ ಅಂಥ ಕೂಸನ್ನು ತಾಯಿಯ ಮೈಗೆ ಮೈ ತಾಗುವಂತೆ ಎದೆಗವಚಿಕೊಳ್ಳಲು ಹೇಳುತ್ತದೆ.

ಇಷ್ಟು ಎಚ್ಚರವುಳ್ಳ ಜನರೂ ಒಂದೆಡೆ ಎಡವಿದ್ದಾರೆ. ಹನ್ನೆರಡು ಹದಿಮೂರರ ಹುಡುಗಿ ಋತುಮತಿಯಾದೊಡನೆ 'ದೊಡ್ಡವಳಾದಳು' ಎಂದುಬಿಡುವರು. ಆದುದು ದೇಹದ ಒಂದು ಸಹಜ ಬದಲಾವಣೆ. ಅವಳ ಎತ್ತರ ನಿನ್ನೆಯದೇ, ತಿಳಿವಳಿಕೆ ನಿನ್ನೆಯದೇ, ಮುಗಿಯದ ಪಾಠಗಳೂ ನಿನ್ನೆಯವೇ. ಆದರೆ ಆ ಮಾತಿನ ಬೆನ್ನಿಗೇ ಬೀದಿಯ ಆಟ ನಿಲ್ಲುವುದು. ಕೆಲವು ಮನೆಗಳಲ್ಲಿ ಶಾಲೆಯೂ ನಿಲ್ಲುವುದು, ವರನ ವಿಚಾರವೂ ಬರುವುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಗುವವರೇ ಇಲ್ಲಿ ಮುಂದಾಗಿ ನಿಲ್ಲುವುದು ವಿಚಿತ್ರವಷ್ಟೆ. ಹೆಣ್ಣಿನ ಮದುವೆಗೆ 1929ರ ಶಾರದಾ ಕಾಯಿದೆ ಗೊತ್ತುಮಾಡಿದ ವಯಸ್ಸು 14. ಅದು 18ಕ್ಕೆ ಏರಿದುದು 1978ರ ತಿದ್ದುಪಡಿಯಿಂದ. ಕಾನೂನು ಹೀಗೆ ತನ್ನನ್ನು ತಿದ್ದಿಕೊಂಡರೂ ಮನೆಮಾತು ಇನ್ನೂ ತಿದ್ದಿಕೊಂಡಿಲ್ಲ. ಮಾವಿನ ಹೀಚನ್ನು ಯಾರೂ ಹಣ್ಣೆನ್ನರು. ಹುಡುಗಿಯ ಆ ನಡುವಣ ವರ್ಷಗಳಿಗೂ 'ಹದಿಹರೆಯ' ಎಂಬ ಚೆಲುವಾದ ಪದವೊಂದು ಕನ್ನಡದಲ್ಲಿದೆ. ಪುಸ್ತಕಗಳಲ್ಲಿ ಕಾಣುವ ಆ ಪದ ಮನೆಯ ಜಗುಲಿಯ ಮಾತುಕತೆಗೆ ಇನ್ನೂ ಅಷ್ಟಾಗಿ ಬಂದಿಲ್ಲ.