ದಂತ ಸಂಶೋಧನೆ ನಮ್ಮ ರೋಗಿಗಳ ಬಾಯಿಯಿಂದ ಶುರುವಾಗಲಿ: ಒಂದು ಹಕ್ಕೊತ್ತಾಯ ಪತ್ರ

ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರಿಗೆ, ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕುಲಪತಿಗಳಿಗೆ, ಎಲ್ಲ ದಂತ ವೈದ್ಯಕೀಯ ಕಾಲೇಜುಗಳ ಪ್ರಾಂಶುಪಾಲರಿಗೆ



ನಾವು ಈ ರಾಜ್ಯದ ದಂತ ಕಾಲೇಜುಗಳಲ್ಲಿ ಎಂಡಿಎಸ್ ಓದುತ್ತಿರುವವರು, ಓದಿಸುತ್ತಿರುವವರು, ಲ್ಯಾಬಿನಲ್ಲಿ ಹಲ್ಲು ಸೆಟ್ಟು ಮಾಡುವವರು, ಆ ಕಾಲೇಜುಗಳ ಒಪಿಡಿ ಬೆಂಚಿನ ಮೇಲೆ ಚೀಟಿ ಹಿಡಿದು ಕಾಯುವವರು.

ಎಂಡಿಎಸ್ ಮಾಡುವ ಪ್ರತಿಯೊಬ್ಬರೂ ಪ್ರಬಂಧ ಬರೆಯಲೇಬೇಕೆಂಬ ನಿಯಮವಿದೆ. ನಿಯಮ ಒಳ್ಳೆಯದೇ. ಆದರೆ ಹಲ್ಲಿನ ಸಾಮಗ್ರಿಗಳ ಮೇಲೆ ಬರೆದ ಪ್ರಬಂಧಗಳನ್ನು ಲೈಬ್ರರಿಯ ಕಪಾಟಿನಿಂದ ಇಳಿಸಿ ನೋಡಿ. ಕಿತ್ತ ಹಲ್ಲುಗಳು, ಎರಡೋ ಮೂರೋ ಕಂಪನಿಗಳ ಅಂಟು, ಯಂತ್ರಕ್ಕೆ ಕೊಟ್ಟು ಮುರಿದಾಗ ಬಂದ ಮೆಗಾಪಾಸ್ಕಲ್ ಲೆಕ್ಕ, ಕೊನೆಯ ಪುಟದಲ್ಲಿ ‘ಇನ್ನಷ್ಟು ಅಧ್ಯಯನ ಅಗತ್ಯ’ ಎಂಬ ಸಾಲು. ಆ ಇನ್ನಷ್ಟು ಅಧ್ಯಯನಕ್ಕೆ ಯಾರೂ ಕೈಹಾಕುವುದಿಲ್ಲ. ಮುಂದಿನ ಬ್ಯಾಚಿನವರು ಬೇರೆರಡು ಕಂಪನಿಗಳ ಅಂಟು ಹುಡುಕಿಕೊಳ್ಳುತ್ತಾರೆ. ಬೆಂಚಿನ ಮೇಲೆ ಕೂತ ರೋಗಿ ಕೇಳುವುದು ಬೇರೆಯೇ: ಇದು ಎಷ್ಟು ವರ್ಷ ಬರುತ್ತೆ ಡಾಕ್ಟ್ರೇ? ಈ ಪ್ರಶ್ನೆಗೆ ಉತ್ತರ ಸಿಗುವಂತೆ ಸಂಶೋಧನೆಯ ವ್ಯವಸ್ಥೆ ಬದಲಾಗಬೇಕೆಂದು ಕೆಳಗಿನ ಹಕ್ಕೊತ್ತಾಯಗಳನ್ನು ಮಂಡಿಸುತ್ತಿದ್ದೇವೆ.

1. ಪ್ರಬಂಧದ ವಿಷಯವನ್ನು ಬ್ಯಾಚಿನಿಂದ ಬ್ಯಾಚಿಗೆ ದಾಟಿಸಲು ಅವಕಾಶ ಕೊಡಿ.

ಕೋರ್ಸು ಮೂರು ವರ್ಷದ್ದು. ಸಿನಾಪ್ಸಿಸ್ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ, ಕೊನೆಯಲ್ಲಿ ಬರವಣಿಗೆ ಇವೆಲ್ಲ ಕಳೆದು ರೋಗಿಯನ್ನು ನೋಡಲು ಉಳಿಯುವ ಕಾಲ ತೀರ ಕಡಿಮೆ. ಅಷ್ಟರೊಳಗೆ ಯಾವ ಸಿಮೆಂಟೂ ಸೋಲುವುದಿಲ್ಲ, ಯಾವ ಇಂಪ್ಲಾಂಟೂ ಅಲುಗಾಡುವುದಿಲ್ಲ. ಹೀಗಾಗಿ ಎಲ್ಲ ಪ್ರಬಂಧಗಳಲ್ಲೂ ಎಲ್ಲ ಸಾಮಗ್ರಿಯೂ ಪಾಸು! ಸ್ವೀಡನ್ನಿನ ಬ್ರಾನೆಮಾರ್ಕ್ ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುವುದನ್ನು 1950ರ ದಶಕದಲ್ಲಿ ಮೊಲಗಳಲ್ಲಿ ಕಂಡರು, 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದರು. ಹೊರಜಗತ್ತು ಅವರ ಮಾತಿಗೆ ಕಿವಿಗೊಟ್ಟದ್ದು 1982ರ ಟೊರಾಂಟೊ ಸಮ್ಮೇಳನದ ಹೊತ್ತಿಗೆ. ಅಷ್ಟು ವರ್ಷಗಳ ರೋಗಿಗಳ ದಾಖಲೆ ಕೈಯಲ್ಲಿದ್ದುದರಿಂದಲೇ ಆ ಮಾತಿಗೆ ತೂಕ ಬಂತು. ಒಂದು ಬ್ಯಾಚು ಶುರುಮಾಡಿದ ರೋಗಿಗಳ ಪಟ್ಟಿಯನ್ನು ಮುಂದಿನ ಬ್ಯಾಚು ಮುಂದುವರಿಸಿದರೆ ಅದನ್ನೂ ಪೂರ್ಣ ಪ್ರಬಂಧವೆಂದು ವಿಶ್ವವಿದ್ಯಾಲಯ ಮಾನ್ಯ ಮಾಡಬೇಕು. ‘ಹೊಸ ವಿಷಯ ತನ್ನಿ’ ಎಂದು ಹಿಂದಿರುಗಿಸುವ ಪದ್ಧತಿ ನಿಲ್ಲಬೇಕು.

2. ಫ್ಲೋರೈಡ್ ತಿಂದ ಹಲ್ಲಿನ ಮೇಲೂ ಪರೀಕ್ಷೆ ಮಾಡಿಸಿ.

ಕ್ಲಿಪ್ ಹಾಕಿಸಿಕೊಳ್ಳಲು ಬಂದ ಹುಡುಗ ಹುಡುಗಿಯರ ಬಾಯಿಂದ ಕಿತ್ತ ಕಲೆಯಿಲ್ಲದ ಮುಂದವಡೆ ಹಲ್ಲು ಪ್ರಯೋಗಕ್ಕೆ ಬಹಳ ಅನುಕೂಲ, ಹೆಚ್ಚಿನ ಪರೀಕ್ಷೆಗಳು ಅವುಗಳ ಮೇಲೆಯೇ ನಡೆಯುತ್ತವೆ. ಪಾವಗಡದವರ, ಮುಳಬಾಗಿಲಿನವರ, ಕೊಪ್ಪಳ ರಾಯಚೂರಿನ ಎಷ್ಟೋ ಹಳ್ಳಿಯವರ ಹಲ್ಲು ಹಾಗಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ನಮ್ಮ ಮಾನಕವೇ ಹೇಳುತ್ತದೆ. ಆ ಮಿತಿ ಮೀರಿದ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ರಾಳದ ಫಿಲ್ಲಿಂಗಿನ ಇಡೀ ತಂತ್ರವೋ, 1955ರಲ್ಲಿ ಬ್ಯೂನೊಕೋರ್ ತೋರಿಸಿಕೊಟ್ಟಂತೆ, ಆಮ್ಲದಿಂದ ಎನಾಮೆಲನ್ನು ತುಸು ಒರಟು ಮಾಡಿ ಅಂಟಿಸುವುದರ ಮೇಲೆ ನಿಂತಿದೆ. ಹಾಗಿದ್ದ ಮೇಲೆ ಡಬ್ಬಿಯ ಮೇಲೆ ಬರೆದ ಸೆಕೆಂಡುಗಳು ಪಾವಗಡದ ಹಲ್ಲಿಗೆ ಸಾಲುತ್ತವೆಯೆ? ಸರ್ಕಾರಿ ಆಸ್ಪತ್ರೆಗಳಿಗೆ ಫಿಲ್ಲಿಂಗ್ ಸಾಮಗ್ರಿ ಕೊಳ್ಳುವ ಟೆಂಡರಿನಲ್ಲಿ ಫ್ಲೋರೋಸಿಸ್ ಹಲ್ಲಿನ ಮೇಲಿನ ಪರೀಕ್ಷೆಯ ವರದಿಯನ್ನೂ ಕೇಳಬೇಕು. ಪೀಡಿತ ಜಿಲ್ಲೆಗಳಿಂದ ಹಲ್ಲುಗಳನ್ನು ಸಂಗ್ರಹಿಸಿ, ಒಪ್ಪಿಗೆ ಪತ್ರದ ಸಮೇತ ಕಾಲೇಜುಗಳಿಗೆ ಒದಗಿಸುವ ಒಂದು ಹಲ್ಲು ಭಂಡಾರ ಬೇಕು.

3. ಪಾದರಸ ಬಿಟ್ಟ ಮೇಲೆ ಏನು ಎಂಬುದನ್ನು ಈಗಲೇ ನಿರ್ಧರಿಸಿ.

ಜನ ‘ಬೆಳ್ಳಿ ಸಿಮೆಂಟು’ ಎನ್ನುವ ಅಮಾಲ್ಗಮ್‌ನಲ್ಲಿ ತೂಕದ ಸುಮಾರು ಅರ್ಧ ಪಾದರಸ. ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಆ ಒಪ್ಪಂದದ ದೇಶಗಳ 2025ರ ಜಿನೀವಾ ಸಭೆ ಅಮಾಲ್ಗಮ್ ಬಳಕೆ ಕೊನೆಗಾಣಿಸಲು 2034ರ ಗಡುವು ಹಾಕಿದೆ. ಬದಲಿಗೆ ಬರುವ ರಾಳಕ್ಕೆ ಕರೆಂಟು ಬೇಕು, ನೀಲಿ ದೀಪ ಬೇಕು, ಬಾಯಿ ಒಣಗಿರಬೇಕು, ಖರ್ಚೂ ಹೆಚ್ಚು. ತಾಲ್ಲೂಕು ಆಸ್ಪತ್ರೆಯ ದಂತ ಕುರ್ಚಿಯ ಬಳಿ ಈ ನಾಲ್ಕೂ ಒಟ್ಟಿಗೆ ಸಿಗುವುದನ್ನು ನಾವಂತೂ ಹೆಚ್ಚು ಕಂಡಿಲ್ಲ. ಗ್ಲಾಸ್ ಅಯೋನೊಮರ್ ಸಿಮೆಂಟನ್ನು ನೆನಪಿಸಿಕೊಳ್ಳಿ. ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿ 1972ರಲ್ಲಿ ಪ್ರಕಟಿಸಿದ ಸಾಮಗ್ರಿ ಅದು. ಹಲ್ಲಿಗೆ ತಾನಾಗಿ ಹಿಡಿದುಕೊಳ್ಳುತ್ತದೆ, ಫ್ಲೋರೈಡ್ ಬಿಡುತ್ತದೆ, ಕೈಯಲ್ಲೇ ಕಲಸಿ ಹಚ್ಚಬಹುದು. ಅದು ಹಿಂದೆ ಬೀಳುವುದು ಸವೆತದಲ್ಲಿ, ಗಟ್ಟಿತನದಲ್ಲಿ. ಆ ಕೊರತೆ ತುಂಬುವ ಕೆಲಸಕ್ಕೆ ಸರ್ಕಾರಿ ದುಡ್ಡು ಹಾಕಿ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹೈಡ್ರಾಕ್ಸಿಅಪಟೈಟ್ ಮೂಳೆ ಬದಲಿಯನ್ನು ನಮ್ಮಲ್ಲೇ ತಯಾರಿಸಿ ತೋರಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಸ್ತು ವಿಜ್ಞಾನಿಗಳಿದ್ದಾರೆ, ಅದೇ ಊರಿನಲ್ಲಿ ದಂತ ಕಾಲೇಜುಗಳೂ ಇವೆ. ಸಿಟಿ ಬಸ್ಸಿನ ದೂರದಲ್ಲಿರುವ ಇವರಿಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವ ಕೆಲಸ ಸರ್ಕಾರದ್ದು.

4. ಅಡಿಕೆಯಿಂದ ಬಿಗಿದ ಬಾಯಿಗಳ ರಾಜ್ಯ ನೋಂದಣಿ ಆರಂಭಿಸಿ.

ಇದು ನಮ್ಮ ಮುಖ್ಯ ಬೇಡಿಕೆ, ಆದ್ದರಿಂದ ಸ್ವಲ್ಪ ಹೆಚ್ಚು ಹೇಳುತ್ತೇವೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆಯ ಅರೆಕೋಲಿನ್ ಬಾಯಿಯ ಒಳಪದರದ ಕೆಳಗೆ ನಾರು ಕಟ್ಟಿಸುತ್ತದೆ. ಮೊದಲು ಖಾರ ತಡೆಯದು, ಆಮೇಲೆ ಕೆನ್ನೆ ಬಿಳಿಚಿ ಹಗ್ಗದಂತೆ ಬಿಗಿಯುತ್ತದೆ, ಬರಬರುತ್ತಾ ಬಾಯಿಗೆ ಮೂರು ಬೆರಳು ಹೋಗುತ್ತಿದ್ದದ್ದು ಒಂದಕ್ಕಿಳಿಯುತ್ತದೆ. ಮುಂಬಯಿಯ ಜೋಶಿಯವರು 1953ರಲ್ಲೇ ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರಿಟ್ಟರು. ಇಷ್ಟು ವರ್ಷಗಳಾದರೂ ಕಟ್ಟಿದ ನಾರನ್ನು ಪೂರ್ತಿ ಕರಗಿಸುವ ಔಷಧಿ ಇಲ್ಲ. ಸ್ಟೀರಾಯ್ಡ್, ಹೈಲುರೊನಿಡೇಸ್ ಚುಚ್ಚುತ್ತೇವೆ. ಬಿಗಿ ಮೀರಿದರೆ ನಾರು ಕತ್ತರಿಸಿ ಕೆನ್ನೆಯ ಕೊಬ್ಬಿನಿಂದಲೋ ಮೂಗಿನ ಪಕ್ಕದ ಚರ್ಮದಿಂದಲೋ ಮುಚ್ಚುತ್ತೇವೆ. ಆಮೇಲೆ ದಿನವೂ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟು ಬಾಯಿ ತೆರೆಯುವ ವ್ಯಾಯಾಮ. ಅದನ್ನು ಬಿಟ್ಟವರು ಮತ್ತೆ ಬಿಗಿದ ಬಾಯಲ್ಲೇ ವಾಪಸು ಬರುತ್ತಾರೆ. ಎಷ್ಟೋ ಜನ ಬರುವುದೇ ಇಲ್ಲ.

ಇವರಲ್ಲಿ ಎಷ್ಟು ಮಂದಿಗೆ ಕ್ಯಾನ್ಸರ್ ಬರುತ್ತದೆ? ಪಠ್ಯಪುಸ್ತಕ ತೆರೆದರೆ ಶೇ 7.6 ಎಂಬ ಅಂಕಿ ಸಿಗುತ್ತದೆ. ಅದು ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 66 ರೋಗಿಗಳನ್ನು 17 ವರ್ಷಗಳ ಅವಧಿಯಲ್ಲಿ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಂಕಿ. ಅವರ ತಾಳ್ಮೆಗೆ ನಮಸ್ಕಾರ. ಆದರೆ ಅದು ಪೊಟ್ಟಣದ ಗುಟ್ಕಾ ಊರೂರಿಗೆ ಹಬ್ಬುವುದಕ್ಕೆ ಮೊದಲಿನ ಕಾಲದ ಬಾಯಿಗಳ ಲೆಕ್ಕ. ಇವತ್ತಿನ ಹುಡುಗರ ಬಾಯಿಗೂ ಅದನ್ನೇ ಅನ್ವಯಿಸಿ ಪ್ರಬಂಧದ ಪೀಠಿಕೆ ಬರೆಯುತ್ತಿದ್ದೇವೆ. ಶಿವಮೊಗ್ಗ, ದಾವಣಗೆರೆ, ತುಮಕೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಎಲ್ಲೇ ರೋಗಿ ಬಂದರೂ ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ, ಏನು ಜಗಿಯುತ್ತಾನೆ, ಯಾವ ಚಿಕಿತ್ಸೆ ಕೊಡಲಾಯಿತು, ವರ್ಷದ ನಂತರ ಹೇಗಿದ್ದಾನೆ ಎಂದು ಒಂದೇ ನಮೂನೆಯಲ್ಲಿ ದಾಖಲಾಗಬೇಕು. ವಾಪಸು ಬಾರದವರ ಮನೆಗೆ ಆಶಾ ಕಾರ್ಯಕರ್ತೆಯರನ್ನು ಕಳಿಸಿ ವಿಚಾರಿಸಬೇಕು, ಅವರ ಆ ಕೆಲಸಕ್ಕೆ ಬೇರೆ ಗೌರವಧನ ಕೊಡಬೇಕು.

ಬೆಳೆಗಾರರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದಾಗಿನಿಂದ ಮಲೆನಾಡಿನಲ್ಲಿ ಆತಂಕವಿದೆ, ಅದು ನಮಗೆ ಗೊತ್ತು. ನಮ್ಮಲ್ಲೇ ಕೆಲವರ ಫೀಸು ಕಟ್ಟಿದ್ದು ಅಡಿಕೆ ತೋಟ. ಅಡಿಕೆ ಮರದ ರೋಗಗಳನ್ನು ನೋಡಲು ವಿಟ್ಲದಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರವಿದೆ, ಇರಲೇಬೇಕು. ಅಡಿಕೆ ಜಗಿದವನ ಬಾಯಿಯ ರೋಗಕ್ಕೂ ಅಷ್ಟೇ ಕಾಳಜಿಯ ಕೇಂದ್ರವೊಂದು ಬೇಕು. ಅದರ ಖರ್ಚಿಗೆ ಪಾನ್ ಮಸಾಲ ಕಂಪನಿಗಳ ಒಂದು ಪೈಸೆಯೂ ಬರಕೂಡದು.

5. ಶಸ್ತ್ರಚಿಕಿತ್ಸೆಯ ನಂತರದ ಬದುಕನ್ನೂ ಸಂಶೋಧನೆಯ ವಿಷಯವಾಗಿಸಿ.

2015ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆ ಬಗೆಹರಿಸಿದರು. ಬಾಯಿ ಕ್ಯಾನ್ಸರಿನ ಆರಂಭದ ಹಂತದಲ್ಲಿ ಗಡ್ಡೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೆ, ಅಲ್ಲಿ ಗಂಟು ಕಂಡ ಮೇಲೆ ತೆಗೆದರೆ ಸಾಕೆ? ಜೊತೆಗೇ ತೆಗೆದವರಲ್ಲಿ ಮೂರು ವರ್ಷದ ನಂತರ ಶೇ 80 ಮಂದಿ ಬದುಕಿದ್ದರು, ಕಾದು ತೆಗೆದವರಲ್ಲಿ ಶೇ 67.5. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಔಷಧಿಯೂ ಬೇಕಾಗಲಿಲ್ಲ. ನಮ್ಮ ಆಸ್ಪತ್ರೆಗಳ ರೋಗಿಸಂಖ್ಯೆಯೇ ಸಂಶೋಧನೆಯ ಬಂಡವಾಳ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2021ರ ಕಪ್ಪು ಶಿಲೀಂಧ್ರದ ರೋಗಿಗಳನ್ನು ಇಲ್ಲಿ ಜ್ಞಾಪಿಸುತ್ತೇವೆ. ಕೋವಿಡ್‌ನಿಂದ ಪಾರಾಗಿ ಮೇಲ್ದವಡೆ ಕಳೆದುಕೊಂಡವರು ಅವರು. ಅಂಗುಳದಲ್ಲಿ ತೂತು ಉಳಿದರೆ ಕುಡಿದ ನೀರು ಮೂಗಿನಿಂದ ಇಳಿಯುತ್ತದೆ, ಆಡಿದ ಮಾತು ಮನೆಯವರಿಗೂ ತಿಳಿಯುವುದಿಲ್ಲ. ತೂತು ಮುಚ್ಚುವ ಆಬ್ಚುರೇಟರನ್ನು ಅಕ್ರಿಲಿಕ್‌ನಲ್ಲಿ ಟೊಳ್ಳು ಮಾಡಿ ಹಗುರಗೊಳಿಸುವ ಕೌಶಲ ನಮ್ಮ ವಿಭಾಗಗಳಲ್ಲಿದೆ. ಗಾಯ ಮಾಗುತ್ತಾ ಬಾಯಿಯ ಆಕಾರ ಬದಲಾಗುವುದರಿಂದ ಅದನ್ನು ಮತ್ತೆ ಮತ್ತೆ ಹೊಂದಿಸಬೇಕು. ಆ ಮರುಹೊಂದಿಕೆ ಮತ್ತು ಅದಕ್ಕಾಗಿ ಬರುವ ಬಸ್ಸಿನ ಖರ್ಚು ಸರ್ಕಾರಿ ವಿಮಾ ಪ್ಯಾಕೇಜಿನಲ್ಲಿ ಸೇರಬೇಕು. ಅಂಥ ರೋಗಿಗಳು ಈಗ ಹೇಗೆ ಉಣ್ಣುತ್ತಿದ್ದಾರೆ, ಹೇಗೆ ಮಾತಾಡುತ್ತಿದ್ದಾರೆ ಎಂಬ ಅಧ್ಯಯನಕ್ಕೆ ಹಣ ಮಂಜೂರಾಗಬೇಕು.

6. ದಂತಭಾಗ್ಯದ ಸೆಟ್ಟುಗಳ ಲೆಕ್ಕ ತೆಗೆಯಿರಿ.

ಬಿಪಿಎಲ್ ಕುಟುಂಬದ ಹಿರಿಯರಿಗೆ ಪುಕ್ಕಟೆ ಹಲ್ಲು ಸೆಟ್ಟು ಕೊಟ್ಟದ್ದು ಒಳ್ಳೆಯ ಯೋಜನೆ. ಕೊಟ್ಟ ಸೆಟ್ಟು ವರ್ಷದ ನಂತರ ಅಜ್ಜಿಯ ಬಾಯಲ್ಲಿದೆಯೋ ಗೂಡಿನಲ್ಲಿ ಸ್ಟೀಲ್ ಲೋಟದೊಳಗಿದೆಯೋ ಎಂದು ಕೇಳಿ ಬರಬೇಕು. ರೊಟ್ಟಿ ತಿನ್ನುವ ಉತ್ತರ ಕರ್ನಾಟಕದವರಿಗೂ ಮುದ್ದೆ ನುಂಗುವ ದಕ್ಷಿಣದವರಿಗೂ ಒಂದೇ ಸೆಟ್ಟು ಒಗ್ಗುತ್ತದೆಯೆ ಎಂಬುದು ತಮಾಷೆಯ ಪ್ರಶ್ನೆಯಲ್ಲ, ಎಂಡಿಎಸ್ ಪ್ರಬಂಧಕ್ಕೆ ತಕ್ಕ ಪ್ರಶ್ನೆ. ಹಾಗೆಯೇ ಅಕ್ರಿಲಿಕ್ ಪುಡಿಗೆ ಬೆರೆಸುವ ದ್ರವದ ಘಾಟನ್ನು ದಿನವಿಡೀ ಉಸಿರಾಡುವ ಲ್ಯಾಬ್ ತಂತ್ರಜ್ಞರಿಗೆ ಗಾಳಿ ಹೊರಹಾಕುವ ಫ್ಯಾನು, ಕೈಗವಸು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕಡ್ಡಾಯವಾಗಲಿ.

7. ವಿದ್ಯಾರ್ಥಿಯ ಜೇಬಿಗೂ ರೋಗಿಯ ಜೇಬಿಗೂ ಕೈಹಾಕಬೇಡಿ.

ಪ್ರಬಂಧಕ್ಕೆ ಬೇಕಾದ ಸಾಮಗ್ರಿ, ಯಂತ್ರದ ಬಾಡಿಗೆ, ಅಂಕಿಅಂಶ ತಜ್ಞರ ಶುಲ್ಕ ಇವನ್ನು ಪಿಜಿಗಳು ಸ್ಟೈಪೆಂಡಿನಿಂದ ಕಟ್ಟುವ ರೂಢಿ ಹೋಗಬೇಕು. ದುಡ್ಡಿಲ್ಲದವರು ಕಂಪನಿ ಪುಕ್ಕಟೆ ಕೊಟ್ಟ ಸ್ಯಾಂಪಲ್ಲಿನ ಮೇಲೆಯೇ ಸಂಶೋಧನೆ ಮಾಡುತ್ತಾರೆ, ಫಲಿತಾಂಶ ಯಾರ ಕಡೆ ವಾಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ರಾಜ್ಯಕ್ಕೊಂದು ಸಾಮಾನ್ಯ ಪರೀಕ್ಷಾ ಕೇಂದ್ರ ಸ್ಥಾಪಿಸಿ, ಎಲ್ಲ ಕಾಲೇಜಿನವರಿಗೂ ಉಚಿತವಾಗಿ ತೆರೆದಿಡಿ. ಸಂಶೋಧನೆಗೆ ಒಳಗಾದ ರೋಗಿಯಿಂದ ಆ ಚಿಕಿತ್ಸೆಗೆ ಹಣ ಪಡೆಯಕೂಡದು.

8. ಒಪ್ಪಿಗೆಯನ್ನು ತಿಳಿಯುವ ಮಾತಿನಲ್ಲಿ ಕೇಳಿ, ಸೋತ ಫಲಿತಾಂಶವನ್ನೂ ಪ್ರಕಟಿಸಿ.

ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ತುಳು, ಉರ್ದು, ಲಂಬಾಣಿ ಆಡುವವರಿಗೆ ಅವರ ಮಾತಿನಲ್ಲಿ ಓದಿ ಹೇಳಬೇಕು. ಕಿತ್ತ ಹಲ್ಲನ್ನು ಪ್ರಯೋಗಕ್ಕೆ ಬಳಸುವುದಾದರೆ ಅದನ್ನೂ ಕೇಳಿಯೇ ಬಳಸಬೇಕು. ರೋಗಿಗಳ ಮೇಲಿನ ಪ್ರತಿ ಪ್ರಯೋಗವೂ ಮೊದಲ ರೋಗಿ ಸೇರುವ ಮುನ್ನವೇ ರಾಷ್ಟ್ರೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಬೇಕು. ಉದುರಿದ ಸಿಮೆಂಟು, ಸೋತ ಇಂಪ್ಲಾಂಟು, ಮತ್ತೆ ಬಿಗಿದ ಬಾಯಿ ಇವುಗಳ ಪ್ರಬಂಧಕ್ಕೆ ಅಂಕ ಕಡಿಮೆ ಮಾಡಬಾರದು. ಎಲ್ಲ ಪ್ರಬಂಧಗಳ ಸಾರಾಂಶವೂ ಒಂದು ಪುಟದಷ್ಟು ಕನ್ನಡದಲ್ಲಿ, ಯಾರು ಬೇಕಾದರೂ ಓದುವಂತೆ ವಿಶ್ವವಿದ್ಯಾಲಯದಲ್ಲಿ ಸಿಗಬೇಕು.

ಇವುಗಳಲ್ಲಿ ಒಂದನೆಯದಕ್ಕೂ ಎಂಟನೆಯದಕ್ಕೂ ಹೆಚ್ಚಿನ ಹಣ ಬೇಕಿಲ್ಲ, ಸುತ್ತೋಲೆ ಹೊರಡಿಸಿದರೆ ಸಾಕು. ಅವನ್ನು ಈ ಶೈಕ್ಷಣಿಕ ವರ್ಷದಲ್ಲೇ ಜಾರಿಗೆ ತನ್ನಿ. ಉಳಿದ ಆರಕ್ಕೂ ಮುಂದಿನ ಬಜೆಟ್ಟಿನ ಮೊದಲು ಒಂದೊಂದಾಗಿ, ಲಿಖಿತವಾಗಿ ಉತ್ತರ ಕೊಡಿ. ಆಗುವುದಿಲ್ಲ ಎನ್ನುವುದಿದ್ದರೆ, ಏಕೆ ಆಗುವುದಿಲ್ಲ ಎಂಬುದನ್ನೂ ಬರೆದು ತಿಳಿಸಬೇಕೆಂದು ಒತ್ತಾಯಿಸುತ್ತೇವೆ.