ಉಕ್ಕಿನ ಕಾರ್ಮಿಕರ ಪ್ರಣಾಳಿಕೆ: ಭದ್ರಾವತಿ, ಸಿಂಹಾಚಲ, ಲಿಂಟ್ಸ್

ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದವರ ಮಕ್ಕಳು, ಮೊಮ್ಮಕ್ಕಳು ನಾವು. ವಿಶಾಖಪಟ್ಟಣದ ಸಿಂಹಾಚಲದ ತಪ್ಪಲಿನಲ್ಲಿ ವಿಶಾಖ ಉಕ್ಕಿನ ಕಾರ್ಮಿಕರ ಜೊತೆ ಕೂತು ಕಾರ್ಮಿಕರ ವಿನಿಮಯದ ಈ ಚಳವಳಿಯನ್ನು ಆರಂಭಿಸುತ್ತಿದ್ದೇವೆ.

ವಿಶಾಖ ಉಕ್ಕು ಕಾರ್ಖಾನೆಯನ್ನು ಪೂರ್ತಿಯಾಗಿ ಮಾರಲು ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ 2021ರ ಜನವರಿಯಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿತು. 2023ರ ಜನವರಿಯಲ್ಲಿ ನಮ್ಮ ಭದ್ರಾವತಿಯ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು. ಅಲ್ಲೂ ಇಲ್ಲೂ ಕಾರ್ಮಿಕರು ಬೀದಿಗಿಳಿದರು. ಹೋರಾಡಿದ್ದರಿಂದಲೇ ಇವತ್ತು ಮಾತಾಡಲು ಎರಡೂ ಕಾರ್ಖಾನೆಗಳು ಉಳಿದಿವೆ ಎಂದು ನಾವು ನಂಬಿದ್ದೇವೆ. ಆದರೆ ಮುಂದೇನು ಎಂದು ಕೇಳಿದರೆ ನಮ್ಮ ಕೈಯಲ್ಲಿರುವುದು ಸ್ವಯಂ ನಿವೃತ್ತಿಯ (ವಿಆರ್‌ಎಸ್) ಅರ್ಜಿ ಮಾತ್ರ. ಗುತ್ತಿಗೆ ಕಾರ್ಮಿಕರಿಗೆ ಅದೂ ಇಲ್ಲ.

ವಿಶಾಖದಲ್ಲಿ ಉಕ್ಕು ತಯಾರಿಸುವ ಎಲ್‌ಡಿ ವಿಧಾನ ಮೊದಲು ಉತ್ಪಾದನೆಗೆ ಬಂದದ್ದು 1952ರಲ್ಲಿ, ಆಸ್ಟ್ರಿಯದ ಲಿಂಟ್ಸ್‌ನಲ್ಲಿ. ಆ ತಂತ್ರ ಸಮುದ್ರ ದಾಟಿ ಬಂತು. ಅದೇ ಊರಿನ ಸರ್ಕಾರಿ ಕಾರ್ಖಾನೆ 1980ರ ದಶಕದಲ್ಲಿ ನಷ್ಟಕ್ಕೆ ಸಿಕ್ಕಿ ಸಾವಿರಾರು ಕೆಲಸ ಹೋದಾಗ, 1987ರಲ್ಲಿ ಅಲ್ಲಿನವರು ಒಂದು ಪ್ರತಿಷ್ಠಾನ ಕಟ್ಟಿದರು. ಕಂಪನಿ ಹಣ ಹಾಕಿತು, ಸರ್ಕಾರ ನಿರುದ್ಯೋಗ ಭತ್ಯೆ ಕೊಟ್ಟಿತು, ಕೆಲಸ ಉಳಿಸಿಕೊಂಡವರು ತಮ್ಮ ಸಂಬಳದಿಂದ ಸಣ್ಣ ಪಾಲು ಕೊಟ್ಟರು. ಕೆಲಸ ಕಳೆದುಕೊಂಡವರು ವರ್ಷಗಟ್ಟಲೆ ಓದಿ ಬೇರೆ ಕಸುಬು ಹಿಡಿದರು. ಈ ಏರ್ಪಾಡು ಮಾತ್ರ ನಮ್ಮ ತನಕ ಬರಲಿಲ್ಲ. ಯಂತ್ರ ನೋಡಲು ಅಧಿಕಾರಿಗಳು ವಿದೇಶಕ್ಕೆ ಹೋಗಬಹುದಾದರೆ, ಕೆಲಸ ಕಾಯುವ ದಾರಿ ನೋಡಲು ಕಾರ್ಮಿಕರೂ ಹೋಗಬೇಕು.

ಲಿಂಟ್ಸ್‌ನ ಏರ್ಪಾಡನ್ನು ಹಾಗೇ ತಂದು ಇಲ್ಲಿ ನೆಡಲಾಗದು. ಅಲ್ಲಿ ನಿರುದ್ಯೋಗ ಭತ್ಯೆ ಮೊದಲೇ ಇತ್ತು. ಇಲ್ಲಿ ಒಂದೇ ಕುಲುಮೆಯ ಮುಂದೆ ಕಾಯಂ ಕಾರ್ಮಿಕ, ಗುತ್ತಿಗೆ ಕಾರ್ಮಿಕ, ಭೂಮಿ ಕೊಟ್ಟು ನಿರ್ವಾಸಿತನಾದವ ಬೇರೆಬೇರೆ ಹಕ್ಕು ಹೊತ್ತು ನಿಂತಿದ್ದಾರೆ. ಹಾಗಾಗಿಯೇ ನೋಡಿ ಬರುವವರು ನಾವೇ ಆಗಬೇಕು. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದು ಪಾಳಿ ಮಾಡುವವರಿಗೆ ಬೇಗ ಕಾಣುತ್ತದೆ.

ವೇಲ್ಸ್‌ನ ಉಕ್ಕಿನ ಊರು ಪೋರ್ಟ್ ಟಾಲ್ಬಟ್‌ಗೂ ಹೋಗಬೇಕು. ಅಲ್ಲಿನ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ಆರಿತು. ಆ ಕಾರ್ಮಿಕರಿಂದ ಕಲಿಯುವುದೂ ಇದೆ, ಅವರಿಗೆ ಹೇಳುವುದೂ ಇದೆ.

ಹೀಗೆ ನೋಡಿ ಬರಲು ಹೋಗುವ ಪ್ರತಿ ತಂಡದಲ್ಲಿ ಅರ್ಧದಷ್ಟು ಗುತ್ತಿಗೆ ಕಾರ್ಮಿಕರು ಇರಬೇಕು, ಮಹಿಳೆಯರು ಇರಲೇಬೇಕು. ಹೆಸರು ಆರಿಸುವುದು ಕಾರ್ಮಿಕರ ಸಭೆ, ಆಡಳಿತವಲ್ಲ. ಹೋಗಿ ಬಂದವರು ಗೇಟ್ ಮೀಟಿಂಗಿನಲ್ಲಿ ಕನ್ನಡದಲ್ಲಿ, ತೆಲುಗಿನಲ್ಲಿ ವರದಿ ಒಪ್ಪಿಸಬೇಕು. ಅಲ್ಲಿಯವರೂ ಇಲ್ಲಿಗೆ ಬಂದು ನಮ್ಮ ಕ್ವಾರ್ಟರ್ಸ್‌ಗಳಲ್ಲೇ ಉಳಿಯಬೇಕು.

ಮೊದಲ ವಿನಿಮಯಕ್ಕೆ ಪಾಸ್‌ಪೋರ್ಟ್ ಬೇಡ. ಭದ್ರಾವತಿಯ ತಂಡ ವಿಶಾಖಕ್ಕೆ ಬರುತ್ತದೆ, ವಿಶಾಖದ್ದು ಭದ್ರಾವತಿಗೆ ಹೋಗುತ್ತದೆ. ಹೆಸರು ಕೊಡುವವರು ಇಂದಿನ ಸಭೆಯಲ್ಲೇ ಕೊಡಿ.